ಒಂದೇ ಕಡೆಯ ಮಾತು

ಆಂಬುಲೆನ್ಸ್ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಂಕಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯನಾದ ಬಾಗಿಲು ಕಾವಲಿನವನೂ ಹಾಗೇ ಕರೆಯುತ್ತಿದ್ದ. ಮೊದಲು ಆ ಹೆಸರಿರಲಿಲ್ಲ. ಆಗ ಅವಳು ಮೇಲಿನ ಮಹಡಿಯ ಕರೆ ಕೋಣೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಆಂಬುಲೆನ್ಸ್ ಬೇಕೆಂದು ಫೋನು ಮಾಡುವವರ ಜೊತೆ ಮಾತಾಡುತ್ತಿದ್ದಳು. ಉಸಿರು ಕಟ್ಟಿದವರು, ಮೆಟ್ಟಿಲಿಂದ ಜಾರಿಬಿದ್ದವರು, ಹೆರಿಗೆ ನೋವು ಬಂದವರು, ಏನೂ ಆಗದೆ ಸುಮ್ಮನೆ ಹೆದರಿದವರು. ಅಳುವವರನ್ನು ಸಮಾಧಾನಪಡಿಸಿ ಅವರ ಬಾಯಿಂದ ವಿಳಾಸ ಹೊರಡಿಸುವುದರಲ್ಲಿ ಅವಳದು ಎತ್ತಿದ ಕೈ.

ಆಮೇಲೆ ಕಿವಿ ಕೈಕೊಟ್ಟಿತು. ಒಂದೇ ಸಲಕ್ಕಲ್ಲ. ಮೊದಮೊದಲು ಜೀರುಂಡೆಯೊಂದು ಒಳಗೆ ಕೂತ ಹಾಗೆ ಸದ್ದು. ಬರಬರುತ್ತಾ ಜನರ ಮಾತಿನ ಕೊನೆಯ ಅಕ್ಷರಗಳು ಉದುರಿಹೋಗತೊಡಗಿದವು. ಅವಳು ಯಾರಿಗೂ ಹೇಳಲಿಲ್ಲ. ವಿಳಾಸವನ್ನು ಎರಡೆರಡು ಸಲ ಕೇಳಿ ಹೇಗೋ ಸಂಭಾಳಿಸುತ್ತಿದ್ದಳು. ಹೇಳಿದವಳು ಪಕ್ಕದ ಕುರ್ಚಿಯವಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಅರಳು ಹುರಿದ ಹಾಗೆ ಚಟಚಟ. ಅದಕ್ಕೇ ಅವಳಿಗೆ ಗಿಣಿ ಎಂದು ಅಡ್ಡಹೆಸರು. ಗಿಣಿ ಒಂದು ದಿನ ನೇರವಾಗಿ ಮೇಲ್ವಿಚಾರಕಿಯ ಹತ್ತಿರ ಹೋಗಿ, “ಮೇಡಂ, ಅಕ್ಕನಿಗೆ ಸರಿಯಾಗಿ ಕೇಳಿಸ್ತಾ ಇಲ್ಲ. ಇವತ್ತು ಗಾಡಿ ಬೇರೆ ಬೀದಿಗೆ ಹೋಗಿಬಿಡ್ತಿತ್ತು, ನಾನು ನೋಡಿದ್ದಕ್ಕೆ ಸರಿಹೋಯ್ತು” ಎಂದಳು. ಕಿವಿಯ ಡಾಕ್ಟರು ನೋಡಿದರು, ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ ಬಂತು, ಅದರ ಹಿಂದೆಯೇ ವರ್ಗಾವಣೆಯೂ ಬಂತು.

ಗಿಣಿ ಹೇಳಿದ್ದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಅಂದಿನಿಂದ ಮಾತು ಬಿಟ್ಟಳು. ಮೆಟ್ಟಿಲ ಮೇಲೆ ಎದುರಾಗಿ ಗಿಣಿ “ಅಕ್ಕಾ” ಎಂದರೆ, ಕೇಳಿಸಲೇ ಇಲ್ಲವೆಂಬಂತೆ ಗೋಡೆ ನೋಡುತ್ತಾ ದಾಟಿಹೋಗುವಳು. ಕಿವಿ ಕೆಟ್ಟಿದ್ದರಿಂದ ಅವಳಿಗೆ ಸಿಕ್ಕ ಅನುಕೂಲ ಅದೊಂದೇ.

ಹೊಸ ಕೆಲಸ ನೆಲಮಹಡಿಯಲ್ಲಿ. ಕಿಟಕಿಯಿಲ್ಲದ ಕೋಣೆ, ಎಸಿ ಯಾವಾಗಲೂ ನಡೆಯುತ್ತಿರುವುದರಿಂದ ಬೇಸಗೆಯಲ್ಲೂ ಸ್ವೆಟರ್ ಬೇಕು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಒಳಗೆ ಮಿಣುಕುವ ದೀಪಗಳು. ಅದರಲ್ಲೊಂದು ಚಪ್ಪಟೆ ಪೆಟ್ಟಿಗೆಯೇ ಅವಳ ಪಾಲಿಗೆ ಬಂದದ್ದು. ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಕಚೇರಿಯಲ್ಲಿ ಮಾತ್ರ ನಕಲು ಪೆಟ್ಟಿಗೆ ಎನ್ನುತ್ತಿದ್ದರು.

ಈಗಿನ ಫೋನುಗಳಲ್ಲಿ ಮಾತು ಇಡಿಯಾಗಿ ಹೋಗುವುದಿಲ್ಲ. ಚೂರುಚೂರಾಗಿ, ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಅಸಲು ಪ್ಯಾಕೆಟ್ ತನ್ನ ಪಾಡಿಗೆ ತಾನು ಹೋಗುತ್ತಿರುವಾಗ, ಅದನ್ನು ತಡೆಯದೆ, ಮುಟ್ಟದೆ, ಅದರ ನಕಲು ಮಾಡಿ ಹಂಚುವುದು ಈ ಪೆಟ್ಟಿಗೆಯ ಕೆಲಸ. ಒಂದು ನಕಲು ಕರೆಗಳನ್ನು ಮುದ್ರಿಸಿಡುವ ರೆಕಾರ್ಡರ್‌ಗೆ, ಒಂದು ಮಾತಿನ ಗುಣಮಟ್ಟ ಅಳೆಯುವ ಯಂತ್ರಕ್ಕೆ, ಇನ್ನೊಂದು ಜಾಲದೊಳಗೆ ನುಗ್ಗುವ ಕಳ್ಳಕಾಕರ ಮೇಲೆ ಕಣ್ಣಿಡುವ ಯಂತ್ರಕ್ಕೆ. ಎಷ್ಟು ಪ್ಯಾಕೆಟ್ ಒಳಬಂದವು, ಎಷ್ಟು ಹೊರಹೋದವು, ಎಷ್ಟನ್ನು ಪೆಟ್ಟಿಗೆ ಕೈಬಿಟ್ಟಿತು, ಎಷ್ಟು ಕೆಟ್ಟು ಬಂದವು ಎಂಬ ಲೆಕ್ಕ ಒಂದೊಂದು ಕೇಬಲ್ಲಿಗೂ ಬೇರೆ ಬೇರೆಯಾಗಿ ಪರದೆಯ ಮೇಲೆ ಏರುತ್ತಿರುತ್ತದೆ. ಅದನ್ನು ನೋಡುತ್ತಾ ಕೂರುವುದು ಅವಳ ಕೆಲಸ. ಒಳಗೆ ಯಾರು ಏನು ಮಾತಾಡುತ್ತಿದ್ದಾರೆ ಎಂಬುದು ಆ ಪರದೆಗೂ ತಿಳಿಯದು, ಅವಳಿಗೂ ತಿಳಿಯದು.

ಇದನ್ನು ಮನೆಯವರಿಗೆ ಅರ್ಥಮಾಡಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು. “ಅತ್ತಿಗೆ, ಹಂಗಾದ್ರೆ ಊರವರ ಫೋನೆಲ್ಲ ನೀವು ಕದ್ದು ಕೇಳ್ತೀರಾ?” ಎಂದು ನಾದಿನಿ ಕಣ್ಣರಳಿಸಿ ಕೇಳಿದ್ದಳು. “ನೀನು ಎದುರಿಗೆ ನಿಂತು ಕೂಗಿದ್ದೇ ನನಗೆ ಅರ್ಧ ಕೇಳಿಸಲ್ಲ, ಇನ್ನು ಊರವರದ್ದು ಕೇಳಲಾ?” ಎಂದಿದ್ದಳು ಇವಳು. ಮನೆಯಲ್ಲಿ ಅತ್ತೆಗೂ ಕಿವಿ ಮಂದ. ಗಂಡ ಟೈರು ಅಂಗಡಿಯಲ್ಲಿ ಕೆಲಸ ಮಾಡುವವನು, ಮಾತಿಗೊಂದು ನಗೆ ಸೇರಿಸುವವನು. “ನಮ್ಮನೇಲಿ ಅತ್ತೆ ಸೊಸೆ ಜಗಳ ಅಂತ ಒಂದು ದಿನಾನೂ ಆಗಿಲ್ಲ ನೋಡಿ. ಒಬ್ಬರು ಬೈದಿದ್ದು ಇನ್ನೊಬ್ಬರಿಗೆ ಕೇಳಿಸಿದ್ರೆ ತಾನೆ!” ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದ.

ಕೆಲಸ ಮೊದಮೊದಲು ಸಪ್ಪೆ ಎನಿಸಿತು. ಮನುಷ್ಯರ ಅಳು, ಏದುಸಿರು ಕೇಳಿಕೊಂಡೇ ಬದುಕಿದವಳಿಗೆ ಬರೀ ಅಂಕಿಗಳು. ಆದರೆ ನೋಡುತ್ತಾ ನೋಡುತ್ತಾ ಅವುಗಳ ನಡೆ ಕಣ್ಣಿಗೆ ಹತ್ತಿತು. ಬೆಳಗ್ಗೆ ನಿಧಾನವಾಗಿ ಏರುವುದು, ಮಧ್ಯಾಹ್ನ ಸ್ವಲ್ಪ ಮಲಗುವುದು, ಶಾಲೆ ಬಿಡುವ ಹೊತ್ತಿಗೆ ಮತ್ತೆ ನೆಗೆಯುವುದು. ಹೆದ್ದಾರಿಯಲ್ಲಿ ಎಲ್ಲೋ ದೊಡ್ಡ ಅಪಘಾತವಾದರೆ ಮೇಲಿನ ಮಹಡಿಯ ಗದ್ದಲ ಕೆಳಗೆ ತಲುಪುವ ಮೊದಲೇ ಅವಳ ಪರದೆ ಮೇಲೆ ಗೆರೆ ಎದ್ದು ನಿಲ್ಲುತ್ತಿತ್ತು. ಮತ್ತೊಂದು ವಿಷಯವನ್ನೂ ಅವಳು ಗಮನಿಸಿದ್ದಳು. ಕರೆ ಕೋಣೆಯಿಂದ ಹೊರಗಿನ ಪ್ರಪಂಚಕ್ಕೆ ಎರಡು ದಾರಿ. ಯಾವ ಕರೆ ಯಾವ ದಾರಿ ಹಿಡಿಯುತ್ತದೆಂದು ಹೇಳುವ ಹಾಗಿಲ್ಲ. ಎಲ್ಲಿ ಜಾಗವೋ ಅಲ್ಲಿ. ಒಂದೊಂದು ದಾರಿಯಿಂದಲೂ ನಕಲು ಪೆಟ್ಟಿಗೆಗೆ ಎರಡೆರಡು ಕೇಬಲ್ ಬರುತ್ತವೆ: ಒಂದರಲ್ಲಿ ಕರೆ ಮಾಡಿದವರ ದನಿ, ಇನ್ನೊಂದರಲ್ಲಿ ಆಪರೇಟರಿನ ದನಿ. ಇಬ್ಬರೂ ಸುಮ್ಮನಿದ್ದರೂ ಸರಿ, ಮಾತಾಡಿದರೂ ಸರಿ, ಕರೆ ಇರುವಷ್ಟು ಹೊತ್ತು ಎರಡೂ ಅಂಕಿಗಳು ಜೋಡೆತ್ತಿನ ಹಾಗೆ ಸಮಸಮವಾಗಿ ನಡೆಯುತ್ತವೆ.

ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಅವಳು ಒಂದು ವಾರ ರಜೆ ಹಾಕಿದ್ದಳು. ಮರಳಿ ಬಂದು ಇನ್ನೂ ಸ್ವೆಟರ್ ಗುಂಡಿ ಹಾಕಿಕೊಳ್ಳುತ್ತಿದ್ದಾಗಲೇ ಮೇಲ್ವಿಚಾರಕಿ ಕೆಳಗಿಳಿದು ಬಂದರು. ಹಾಗೆಲ್ಲ ಬರುವವರಲ್ಲ. ಇವಳು ತುಟಿ ನೋಡಿ ಮಾತು ತಿಳಿಯುತ್ತಾಳೆಂದು ಗೊತ್ತಿದ್ದರಿಂದ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.

“ಗಿಣಿ ವಿಷಯ ಕೇಳಿದ್ರಾ?”

“ಇಲ್ಲ ಮೇಡಂ.”

ಮೇಲ್ವಿಚಾರಕಿ ನಡೆದದ್ದನ್ನು ಹೇಳಿದರು. ಹಿಂದಿನ ವಾರ ಒಬ್ಬ ದರ್ಜಿ ಫೋನು ಮಾಡಿದ್ದ. ಅವನ ಹೆಂಡತಿ ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದಳು. ಕರೆ ಎತ್ತಿದವಳು ಗಿಣಿ. ಗಾಡಿಯೇನೋ ಹೋಯಿತು, ಆದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಈಗ ಆ ಹೆಂಡತಿಯ ತಮ್ಮ ದೂರು ಕೊಟ್ಟಿದ್ದಾನೆ. ಭಾವ ಅಷ್ಟು ಹೊತ್ತು ಫೋನು ಹಿಡಿದು ಗೋಗರೆದರೂ ಈ ಕಡೆಯಿಂದ ಯಾರೂ ಏನೂ ಹೇಳಲಿಲ್ಲ, ಎದೆ ಒತ್ತುವುದು ಹೇಗೆಂದು ಹೇಳಿಕೊಡಬೇಕಾದವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು ಎನ್ನುವುದು ದೂರು.

“ಗಿಣಿ ಏನಂತಾಳೆ?”

“ಎಲ್ಲಾ ಹೇಳಿದೆ, ಜೊತೆಗೆ ಎಣಿಸಿದೆ ಕೂಡ, ಅಂತಾಳೆ. ಆದರೆ ರೆಕಾರ್ಡಿಂಗ್ ತೆಗೆದು ಕೇಳಿದರೆ ಬರೀ ಆ ಮನುಷ್ಯನ ದನಿ. ಇವಳದ್ದು ಒಂದು ಮಾತಿಲ್ಲ. ಅದೇ ಹೊತ್ತಿನಲ್ಲಿ ಪಕ್ಕದ ಕುರ್ಚಿಯವನು ತಗೊಂಡ ಕರೆ ತೆಗೆದು ಕೇಳಿದೆವು. ಅದು ಸರಿಯಾಗಿದೆ, ಎರಡೂ ಕಡೆ ಮಾತು ಇದೆ. ಅಂದಮೇಲೆ ರೆಕಾರ್ಡರ್ ಕೆಟ್ಟಿತ್ತು ಅನ್ನೋಕಾಗಲ್ಲ. ಅವಳನ್ನ ಕೆಲಸದಿಂದ ದೂರ ಇಟ್ಟಿದ್ದಾರೆ. ನಾಡಿದ್ದು ವಿಚಾರಣೆ. ಅವತ್ತು ರೆಕಾರ್ಡರ್ ನಡೀತಿತ್ತು ಅಂತ ನಿಮ್ಮ ಕಡೆಯಿಂದ ಒಂದು ಮಾತು ಬೇಕು, ಅಷ್ಟೆ.”

ಅಂಕಿಯಕ್ಕ ಪರದೆಯನ್ನು ತಿರುಗಿಸಿ ಆ ದಿನವನ್ನು ತೆಗೆದಳು. ರೆಕಾರ್ಡರ್‌ಗೆ ಹೋಗುವ ಕೇಬಲ್ ಇಡೀ ದಿನ ನಡೆದಿತ್ತು, ಒಂದು ಪ್ಯಾಕೆಟ್ಟೂ ಕೈಬಿಟ್ಟಿರಲಿಲ್ಲ. “ನಡೀತಿತ್ತು ಮೇಡಂ” ಎಂದಳು. ಅದು ನಿಜವೇ. ಮೇಲ್ವಿಚಾರಕಿ ಎದ್ದು ಹೋದರು.

ಅಲ್ಲಿಗೆ ಅವಳನ್ನು ಕೇಳಿದ್ದು ಮುಗಿದಿತ್ತು, ಅವಳು ಹೇಳಬೇಕಾದ್ದೂ ಮುಗಿದಿತ್ತು. ಅವಳು ಸ್ವಲ್ಪ ಹೊತ್ತು ಬೇರೆ ಕೆಲಸ ನೋಡಿದಳು. ಗಿಣಿಗೆ ಹೀಗಾಯಿತೆಂದು ಒಳಗೊಳಗೇ ಹಿಗ್ಗಾಯಿತೇ ಎಂದು ತನ್ನನ್ನೇ ಕೇಳಿಕೊಂಡಳು. ಹಾಗೇನೂ ಆಗಿರಲಿಲ್ಲ. ಅಯ್ಯೋ ಪಾಪ ಎಂದೂ ಅನಿಸಿರಲಿಲ್ಲ. ಆದರೆ ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕಲ್ಲಿನ ಹಾಗೆ ಕೂತಿತ್ತು. ಎಷ್ಟೋ ವರ್ಷ ಅವಳು ಗಿಣಿಯ ಪಕ್ಕದಲ್ಲಿ ಕೂತಿದ್ದಳು. ಗಿಣಿ ಹೆಚ್ಚು ಮಾತಾಡುತ್ತಾಳೆ ಎಂದರೆ ನಂಬಬಹುದು, ಒರಟಾಗಿ ಮಾತಾಡಿದಳು ಎಂದರೂ ನಂಬಬಹುದು. ಗಿಣಿ ಸುಮ್ಮನೆ ಕೂತಿದ್ದಳು ಎಂದರೆ ಹೇಗೆ ನಂಬುವುದು? ಊಟದ ಹೊತ್ತಿನಲ್ಲೇ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಈ ಸಲ ಹೊರಹೋಗುವ ಕೇಬಲ್ ಬಿಟ್ಟು ಒಳಬರುವ ನಾಲ್ಕನ್ನೂ ಒಂದೊಂದಾಗಿ ತೆಗೆದಳು. ಮೊದಲನೇ ದಾರಿಯ ಜೋಡಿ ಸಮಸಮ. ಎರಡನೇ ದಾರಿಯಲ್ಲಿ ಕರೆ ಮಾಡಿದವರ ಕಡೆಯ ಗೆರೆ ಎಂದಿನಂತೆ ಏರುತ್ತಾ ಇಳಿಯುತ್ತಾ ನಡೆದಿತ್ತು. ಆಪರೇಟರ್ ಕಡೆಯದು ಬೆಳಗ್ಗೆ ಜೊತೆಯಲ್ಲೇ ಹೊರಟು, ನಡುವೆ ಒಮ್ಮೆಗೇ ಜಾರಿ ನೆಲಕ್ಕಂಟಿಕೊಂಡು, ಮಧ್ಯಾಹ್ನದ ಮೇಲೆ ಏನೂ ಆಗದವರ ಹಾಗೆ ಎದ್ದು ಮತ್ತೆ ಜೊತೆಗೂಡಿತ್ತು. ಅದು ಮಲಗಿದ್ದ ಹೊತ್ತಿನಲ್ಲಿ ಕೆಟ್ಟು ಬಂದ ಪ್ಯಾಕೆಟ್‌ಗಳ ಅಂಕಿ ಗುಡ್ಡದಷ್ಟಾಗಿತ್ತು. ಕೇಬಲ್ ಪೂರ್ತಿ ಸತ್ತಿದ್ದರೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಅದು ಸಾಯದೆ ಕುಂಟಿದ್ದರಿಂದ ಹಸಿರು ದೀಪ ಹಸಿರಾಗಿಯೇ ಇತ್ತು. ಅವಳ ಬದಲಿಗೆ ಕೂತಿದ್ದವನು ದೀಪ ನೋಡಿ ನೆಮ್ಮದಿಯಾಗಿದ್ದ.

ಅವಳು ಮೇಲ್ವಿಚಾರಕಿಯನ್ನೂ, ಪೆಟ್ಟಿಗೆ ಕೂಡಿಸಿದ ಇಂಜಿನಿಯರನ್ನೂ ಕರೆಸಿದಳು. ಇಂಜಿನಿಯರ್ ಕಡಿಮೆ ಮಾತಿನ, ಕನ್ನಡಕದ ಮನುಷ್ಯ. ಗೆರೆ ನೋಡಿದವನೇ ಕಪಾಟಿನ ಹಿಂದಕ್ಕೆ ಹೋದ.

“ಅವತ್ತು ಈ ಕಪಾಟು ಯಾರಾದ್ರೂ ಮುಟ್ಟಿದ್ರಾ?” ಎಂದು ಅಲ್ಲಿಂದಲೇ ಕೂಗಿದ. ಅಂಕಿಯಕ್ಕನಿಗೆ ಕೇಳಿಸಲಿಲ್ಲ. ಮೇಲ್ವಿಚಾರಕಿ ತಿರುಗಿ ಅವಳಿಗೆ ಹೇಳಿದರು. ಎಸಿ ರಿಪೇರಿಯವರು ಬಂದಿದ್ದರೆಂದು ಕಾವಲಿನವನಿಂದ ತಿಳಿಯಿತು. ಅವರು ಕೇಬಲ್ ಕಂತೆಯನ್ನು ಪಕ್ಕಕ್ಕೆ ಸರಿಸಿ, ಕೆಲಸ ಮುಗಿಸಿ, ಬಾಗಿಲನ್ನು ಒತ್ತಿ ಹಾಕಿದ್ದರು. ಮಧ್ಯಾಹ್ನ ಏನೋ ಮರೆತಿದ್ದೇವೆಂದು ಬಂದು ಮತ್ತೆ ಬಾಗಿಲು ತೆಗೆದು, ಹೋಗುವಾಗ ಸುಮ್ಮನೆ ಓರೆ ಮಾಡಿ ಬಿಟ್ಟಿದ್ದರು.

“ಈ ಕೇಬಲ್ ಒಳಗೆ ಓಡೋದು ಬೆಳಕು” ಎಂದ ಇಂಜಿನಿಯರ್, ಮುಂದೆ ಬಂದು ಕೈಯಲ್ಲಿ ಮಡಚಿ ತೋರಿಸುತ್ತಾ. “ಬಾಗಿಲು ಬಿಗಿಯಾದಾಗ ಇದು ಹೀಗೆ ಸೊಟ್ಟ ಆಗುತ್ತೆ. ಬೆಳಕು ಅರ್ಧಂಬರ್ಧ ಬರುತ್ತೆ. ಬನ್ನಿ, ಬಾಗಿಲು ಹಾಕಿ ನೋಡೋಣ.” ಬಾಗಿಲು ಒತ್ತಿದ. ಪರದೆ ಮೇಲೆ ಆಪರೇಟರ್ ಕಡೆಯ ಗೆರೆ ಜಾರಿತು. ಬಾಗಿಲು ಬಿಟ್ಟ, ಎದ್ದಿತು.

“ಹಾಗಾದ್ರೆ ದರ್ಜಿಗೆ ಅವಳ ಮಾತು ಕೇಳಿಸಿರುತ್ತೆ?” ಎಂದರು ಮೇಲ್ವಿಚಾರಕಿ.

“ಅಸಲು ಹಾದಿಗೆ ಏನೂ ಆಗಿಲ್ಲ. ನಮಗೆ ಬರಬೇಕಾದ ನಕಲು ಮಾತ್ರ ಹಾಳಾಗಿದೆ” ಎಂದಳು ಅಂಕಿಯಕ್ಕ. “ಗಿಣಿ ಕರೆ ಈ ಎರಡನೇ ದಾರಿಯಲ್ಲಿ ಹೋಗಿತ್ತಾ ನೋಡ್ಬೇಕು. ಆವತ್ತು ಗೆರೆ ಮಲಗಿದ್ದ ಹೊತ್ತಿನಲ್ಲಿ ಈ ದಾರಿ ಹಿಡಿದ ಬೇರೆಯವರ ಕರೆಗಳನ್ನೂ ತೆಗೆದು ಕೇಳಿ ಮೇಡಂ. ಅವೂ ಒಂದೇ ಕಡೆ ಇರಬೇಕು.”

ತೆಗೆದು ಕೇಳಿದರು. ಹಾಗೇ ಇದ್ದವು. ಗಿಣಿಯ ಕರೆಯೂ ಅದೇ ಹೊತ್ತಿನದು, ಅದೇ ದಾರಿಯದು. ಪಕ್ಕದ ಕುರ್ಚಿಯವನದು ಮಾತ್ರ ಇನ್ನೊಂದು ದಾರಿ.

ವಿಚಾರಣೆಯ ದಿನ ಉದ್ದ ಮೇಜಿನ ಒಂದು ತುದಿಯಲ್ಲಿ ನಿರ್ದೇಶಕರು, ಪಕ್ಕದಲ್ಲಿ ಮೇಲ್ವಿಚಾರಕಿ. ಒಂದು ಬದಿಯಲ್ಲಿ ದರ್ಜಿ, ಅವನ ಭಾವಮೈದ. ಎದುರು ಬದಿಯಲ್ಲಿ ಗಿಣಿ. ಅವಳ ಮುಖ ಇಳಿದುಹೋಗಿತ್ತು. ಒಗೆದ ಬಟ್ಟೆಯನ್ನು ಹಿಂಡಿಟ್ಟ ಹಾಗೆ ಕೂತಿದ್ದಳು. ಅವಳಿಂದ ಒಂದು ಕುರ್ಚಿ ಬಿಟ್ಟು ಅಂಕಿಯಕ್ಕ ಕೂತಳು. ದರ್ಜಿ ಐವತ್ತು ದಾಟಿದವನು, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು. ಮಾತೆಲ್ಲ ಭಾವಮೈದನದೇ.

ಅಂಕಿಯಕ್ಕ ಗೆರೆಗಳನ್ನು ತೋರಿಸಿ ನಿಧಾನವಾಗಿ ಹೇಳಿದಳು. ಅವಳ ದನಿ ಈಗೀಗ ಸ್ವಲ್ಪ ಜೋರು, ಅದು ಅವಳಿಗೆ ತಿಳಿಯುತ್ತಿರಲಿಲ್ಲ. ಭಾವಮೈದ ಕೈಕಟ್ಟಿ ಕೇಳಿದ.

“ಚೆನ್ನಾಗಿದೆ” ಎಂದ ಕೊನೆಗೆ. “ತಪ್ಪು ಮಾಡೋದು ನಿಮ್ಮವರು, ಯಂತ್ರ ಕೆಟ್ಟಿತ್ತು ಅಂತ ಬರೋದೂ ನಿಮ್ಮವರೇ. ಒಬ್ಬರ ಬೆನ್ನು ಒಬ್ಬರು ತುರಿಸಿದ ಹಾಗಾಯ್ತು.”

ನಿರ್ದೇಶಕರು ಅಂಕಿಯಕ್ಕನ ಕಡೆ ತಿರುಗಿದರು. “ಇವರು ನಿಮಗೆ ಸ್ನೇಹಿತರೇನಮ್ಮ?”

“ಇಲ್ಲ ಸರ್. ನಾವು ಮಾತಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು.”

ಗಿಣಿ ತಲೆಯೆತ್ತಲಿಲ್ಲ. ಮೇಲ್ವಿಚಾರಕಿ ಕೆಮ್ಮಿದರು.

“ಸರಿ. ಆ ಹೊತ್ತಿನಲ್ಲಿ ಇವರು ಏನು ಹೇಳಿದ್ರು, ಅಥವಾ ಏನಾದ್ರೂ ಹೇಳಿದ್ರಾ ಇಲ್ವಾ, ಅದು ನಿಮ್ಮ ಅಂಕಿಗಳಿಂದ ಗೊತ್ತಾಗುತ್ತಾ?”

“ಗೊತ್ತಾಗಲ್ಲ ಸರ್. ಅವರು ಹೇಳಿದ್ದರೂ ನಮಗೆ ಬರ್ತಿರಲಿಲ್ಲ ಅನ್ನೋದಷ್ಟೇ ಗೊತ್ತಾಗುತ್ತೆ. ಅದಕ್ಕಿಂತ ಹೆಚ್ಚಿಗೆ ನಾನು ಹೇಳಿದ್ರೆ ತಪ್ಪಾಗುತ್ತೆ.”

“ನಾನು ಮೊದಲಿಂದ ಹೇಳ್ತಾನೇ ಇದ್ದೀನಿ” ಎಂದಳು ಗಿಣಿ. “ರೆಕಾರ್ಡಿಂಗ್‌ನಲ್ಲಿ ಅವರು ಎಣಿಸ್ತಾರೆ ನೋಡಿ. ನನ್ನ ಜೊತೆಗೇ ಎಣಿಸಿದ್ದು ಅದು.”

“ಹಂಗೆ ಎಣಿಸ್ಬೇಕು ಅಂತ ಟೀವಿ ನೋಡಿದ ಯಾರಿಗಾದ್ರೂ ಗೊತ್ತಿರುತ್ತೆ” ಎಂದ ಭಾವಮೈದ.

ಆಗ ದರ್ಜಿ ಮೊದಲ ಸಲ ಬಾಯಿಬಿಟ್ಟ. “ನಾನು ಎಣಿಸಿದ್ನಾ?” ಎಂದ. “ಅದನ್ನ ನಾನು ಕೇಳಬಹುದಾ?”

ಯಾರೂ ಅವನಿಗೆ ಅದನ್ನು ಕೇಳಿಸಿರಲಿಲ್ಲ. ಕೇಳಿಸುವುದು ಕ್ರೂರವೆಂದು ಎಲ್ಲರೂ ಅಂದುಕೊಂಡಿದ್ದರು. ಭಾವಮೈದ, “ಬೇಡ ಭಾವ, ನಿಮಗ್ಯಾಕೆ ಅದು” ಎಂದು ಕೈ ಹಿಡಿದ. ದರ್ಜಿ ಕೈ ಬಿಡಿಸಿಕೊಂಡ. ಮೇಲ್ವಿಚಾರಕಿ ನಿರ್ದೇಶಕರ ಮುಖ ನೋಡಿ ಗುಂಡಿ ಒತ್ತಿದರು.

ಅಂಕಿಯಕ್ಕನಿಗೆ ಆ ಪುಟ್ಟ ಸ್ಪೀಕರಿನಿಂದ ಬಂದದ್ದು ಬರೀ ಗೊರಗೊರ ಸದ್ದು. ಅದರಲ್ಲಿ ಮಾತು ಬಿಡಿಸಲು ಅವಳಿಗಾಗಲಿಲ್ಲ. ಅವಳು ದರ್ಜಿಯ ಮುಖ ನೋಡಿದಳು. ಮೊದಲು ಆ ಮುಖ ಹಿಂಡಿಕೊಂಡಿತು. ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಅವನ ಎರಡೂ ಕೈಗಳು, ಒಂದರ ಮೇಲೊಂದು ಕೂತು, ಮೇಜಿನ ಅಂಚನ್ನು ಒತ್ತತೊಡಗಿದವು. ತುಟಿಗಳು ಅಲುಗುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು. ಅವಳು ಅದನ್ನು ಸ್ಪಷ್ಟವಾಗಿ ಓದಿದಳು. ನಡುವೆ ತುಟಿ ನಿಂತು, “ಹಾಂ… ಆಯ್ತು… ಹಾಂ” ಎಂದು, ಮತ್ತೆ ಒಂದರಿಂದ ಹಿಡಿಯಿತು. ಯಾರೋ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಅವನ ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಸದ್ದು ನಿಂತಿತು. ದರ್ಜಿ ಕಣ್ಣು ತೆರೆದು ಗಿಣಿಯನ್ನು ನೋಡಿದ. ಅಲ್ಲಿಯವರೆಗೆ ಅವನು ಅವಳನ್ನು ನೋಡಿಯೇ ಇರಲಿಲ್ಲ.

“ನೀನೇನಮ್ಮ ಅದು?” ಎಂದ. “ನಿಲ್ಲಿಸ್ಬೇಡಿ ನಿಲ್ಲಿಸ್ಬೇಡಿ ಅಂತಿದ್ದಿದ್ದು?”

ಗಿಣಿ ತಲೆಯಾಡಿಸಿದಳು.

“ಈಕೆ ಎಣಿಸ್ತಿದ್ಲು. ನಾನು ಈಕೆ ಹಿಂದೆ ಎಣಿಸ್ತಿದ್ದೆ” ಎಂದು ದರ್ಜಿ ನಿರ್ದೇಶಕರಿಗೆ ಹೇಳಿದ. “ಬಾಗಿಲು ತೆಗೆದಿಡೋಕೆ ಪಕ್ಕದ ಮನೆಯವರನ್ನ ಕೂಗಿ ಅಂತಾನೂ ಹೇಳಿದ್ಲು. ಅದಕ್ಕೇ ನಾನು ಕೂಗಿದ್ದು. ಇಲ್ಲದಿದ್ರೆ ನನಗೆಲ್ಲಿ ಹೊಳೀತಿತ್ತು.”

“ಭಾವ, ಯಾರೂ ಏನೂ ಹೇಳಲಿಲ್ಲ ಅಂತ ನೀವೇ ತಾನೆ ಅಂದಿದ್ದು?”

“ಅಂದಿದ್ದೆ. ನನಗೆ ಹಂಗೇ ನೆನಪಿತ್ತು. ಅವಳ ಮುಖ ಬಿಟ್ಟು ಬೇರೇನೂ ನೆನಪಿರಲಿಲ್ಲ.” ದರ್ಜಿ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಸಾಕು ಬಿಡಪ್ಪ. ಮನೆಗೆ ಹೋಗೋಣ.”

ಭಾವಮೈದ ಮುಖ ಆ ಕಡೆ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು. ಅಕ್ಕ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲಿರಬೇಕು ಎಂದು ಮೇಲ್ವಿಚಾರಕಿ ಆಮೇಲೆ ಹೇಳಿದರು. ನಿರ್ದೇಶಕರು ನೀರು ತರಿಸಿದರು. ದೂರು ಅಲ್ಲಿಗೆ ನಿಂತಿತು.

ಇಂಜಿನಿಯರ್ ಆ ಕೇಬಲ್ ಬದಲಾಯಿಸಿ, ಕಂತೆಗಳನ್ನು ಬಾಗಿಲಿನಿಂದ ದೂರ ಕಟ್ಟಿದ. ಜೋಡಿಯಲ್ಲಿ ಒಂದು ಹಿಂದೆ ಬಿದ್ದರೆ ಗಂಟೆ ಹೊಡೆಯುವಂತೆ ಹೊಸ ಏರ್ಪಾಡಾಯಿತು. ಮೊದಲೆರಡು ವಾರ ಅದು ಸುಮ್ಮಸುಮ್ಮನೆ ಹೊಡೆದುಕೊಂಡು ಎಲ್ಲರ ತಲೆ ತಿಂದಿತು. ಅಂಕಿಯಕ್ಕನಿಗೆ ಅದರ ಸದ್ದು ಅಷ್ಟಾಗಿ ತಟ್ಟದಿದ್ದರಿಂದ ಅವಳೊಬ್ಬಳೇ ಬೇಸರಪಡಲಿಲ್ಲ.

ಗಿಣಿ ಮತ್ತೆ ಕೆಲಸಕ್ಕೆ ಬಂದ ದಿನ ಊಟದ ಹೊತ್ತಿಗೆ ಕೆಳಗಿಳಿದು ಬಂದಳು. ಬಾಗಿಲಲ್ಲೇ ನಿಂತಳು. ಅಂಕಿಯಕ್ಕ ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದಳು. ಈ ಸಲ ಗೋಡೆ ನೋಡಲಿಲ್ಲ.

“ಒಳಗೆ ಬಾ. ಬಾಗಿಲು ತೆಗೆದಿಟ್ರೆ ತಣ್ಣಗಿರೋದೆಲ್ಲ ಹೊರಗೆ ಹೋಗುತ್ತೆ.”

ಗಿಣಿ ಒಳಗೆ ಬಂದು, ಕೂರದೆ, “ಅಕ್ಕಾ, ಅವತ್ತು ನಿಮ್ಮ ವಿಷಯ ನಾನೇ ಹೇಳಿದ್ದು” ಎಂದಳು.

“ಗೊತ್ತು.”

“ಇನ್ನೊಂದು ಸಲ ಹಂಗೇ ಆದ್ರೆ, ಮತ್ತೆ ಹೇಳ್ತೀನಿ.”

“ಹೇಳಬೇಕಾದ್ದೇ” ಎಂದಳು ಅಂಕಿಯಕ್ಕ. “ಆದರೆ ಮೊದಲು ನನಗೆ ಹೇಳಬಹುದಿತ್ತು. ಪಕ್ಕದಲ್ಲೇ ಕೂತಿದ್ದೆ.”

“ಹೌದು, ಹೇಳಬಹುದಿತ್ತು. ಹೆದರಿಕೆ ಆಯ್ತು. ನೀವು ಬೈತೀರಿ ಅಂತ.”

“ಬೈತಿದ್ದೆ” ಎಂದಳು ಅಂಕಿಯಕ್ಕ. ಗಿಣಿ ಕಪಾಟುಗಳ ಕಡೆ ನೋಡಿ, ಇಷ್ಟು ಚಳಿಯಲ್ಲಿ ದಿನವಿಡೀ ಹೇಗೆ ಕೂರುತ್ತೀರಿ ಎಂದು ಕೇಳಿದಳು. ಅಂಕಿಯಕ್ಕ ಸ್ವೆಟರ್ ತೋಳು ತೋರಿಸಿದಳು.

ಅವರಿಬ್ಬರು ಜೀವದ ಗೆಳತಿಯರೇನೂ ಆಗಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ ನಿಂತು ನಾಲ್ಕು ಮಾತಾಡುತ್ತಾರೆ. ಮನೆಯವರ ಆರೋಗ್ಯ, ಬಸ್ಸು ತಡವಾದದ್ದು, ಕ್ಯಾಂಟೀನಿನ ನೀರು ಚಹಾ. ಗಿಣಿ ಈಗ ಅವಳ ಎದುರಿಗೆ ಬಂದು ನಿಧಾನವಾಗಿ ತುಟಿ ಬಿಡಿಸಿ ಮಾತಾಡುವುದನ್ನು ಕಲಿತಿದ್ದಾಳೆ. ಬೇರೆಯವರ ಜೊತೆ ಮಾತ್ರ ಮೊದಲಿನಷ್ಟೇ ಚಟಚಟ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕರೆ ತೆಗೆದುಕೊಳ್ಳುವುದನ್ನು ಹೇಳಿಕೊಡುವ ಕೆಲಸ ಈಗ ಅವಳದು. ಎದೆ ಒತ್ತುವಾಗ ಎಣಿಸುವುದನ್ನು ಅವಳು ಅವರಿಂದ ಗಟ್ಟಿಯಾಗಿ ಹೇಳಿಸುತ್ತಾಳೆ, ಇಡೀ ಮಹಡಿಗೆ ಕೇಳಿಸುವ ಹಾಗೆ.